ಸೊಕ್ಕಿಗೆ ಮೂರು ಕಾಲಂ

ಆಟಗಾರನ ಗುಣ ಅಳೆಯುವುದಕ್ಕೆ ನಮ್ಮ ಕ್ರೀಡಾ ಪತ್ರಕರ್ತರ ಹತ್ತಿರ ಒಂದು ಲೆಕ್ಕ ಇದೆ. ಹುಬ್ಬಳ್ಳಿಯ ಯಾವುದೇ ಪ್ರೆಸ್ ಮೀಟಿನಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ ಸಾಕು, ಕಿವಿಗೆ ಬೀಳುತ್ತದೆ. ಸೆಲ್ಫಿ ಕೊಟ್ಟರೆ ‘ಭಾಳ ಛಲೋ ಮನಷ್ಯಾ’. ಕೊಡದಿದ್ದರೆ ‘ಸೊಕ್ಕಿನ ಮಗ’. ಹಿಂದಿನ ಪಂದ್ಯದಲ್ಲಿ ಶತಕ ಹೊಡೆದು ಸೆಲ್ಫಿ ಕೊಡದಿದ್ದರೆ? ಅದು ಸೊಕ್ಕಲ್ಲ, ‘ಏಕಾಗ್ರತೆ’. ಮುಂದಿನ ಪಂದ್ಯದಲ್ಲಿ ಸೊನ್ನೆಗೆ ಔಟಾದನೋ, ಅದೇ ಏಕಾಗ್ರತೆ ರಾತ್ರೋರಾತ್ರಿ ಮತ್ತೆ ಸೊಕ್ಕಾಗುತ್ತದೆ.

ಸ್ಟಾರ್ ಆಟಗಾರನೊಬ್ಬ ನಮ್ಮ ಊರಿಗೆ ಶೋರೂಮ್ ಉದ್ಘಾಟನೆಗೆ ಬರುತ್ತಾನೆ ಅನ್ನಿ. ಹನ್ನೊಂದಕ್ಕೆ ಅಂದಿದ್ದು ಎರಡಾಗುತ್ತದೆ. ಪ್ರೆಸ್ ಮೀಟ್ ಅಂದರೆ ಕಾರಿನಿಂದ ರಿಬ್ಬನ್‌ವರೆಗಿನ ದಾರಿ. ಹಾವೇರಿಯಿಂದ ತರಿಸಿದ ಏಲಕ್ಕಿ ಹಾರ ಹಾಕುತ್ತಾರೆ. ಕುಶಲಕರ್ಮಿಗಳು ಒಂದೊಂದೇ ಕಾಯಿ ಪೋಣಿಸಿ ಮಾಡಿದ ಹಾರ. ಅದು ಕೊರಳಿಗೆ ತಾಗಿತೋ ಇಲ್ಲವೋ, ಬೌನ್ಸರ್ ಕೈಗೆ ಹೋಗಿರುತ್ತದೆ. ಅಷ್ಟರಲ್ಲಿ ನಮ್ಮವರು ಮೈಕ್ ಚಾಚುತ್ತಾರೆ.

“ಸರ, ಹುಬ್ಬಳ್ಳಿಗೆ ಬಂದೀರಿ, ಹೆಂಗ ಅನಿಸಾಕತ್ತೈತ್ರಿ?”

“ಗುಡ್.” ಕಪ್ಪು ಕನ್ನಡಕ ಮೊಬೈಲ್ ಬಿಟ್ಟು ಮೇಲೇಳುವುದಿಲ್ಲ.

“ಧಾರವಾಡ ಫೇಡೆ ತಿಂದ್ರೇನ್ರಿ?”

“ಡಯಟ್.”

ಇಷ್ಟೇ. ಮರುದಿನದ ಸುದ್ದಿ: ‘ಹುಬ್ಬಳ್ಳಿಗೆ ಮನಸೋತ ಸ್ಟಾರ್: ಫಿಟ್‌ನೆಸ್ ಗುಟ್ಟು ಬಿಚ್ಚಿಟ್ಟರು’. ಮೂರು ಕಾಲಂ, ಮೇಲೆ ಬಣ್ಣದ ಫೋಟೊ. ಎರಡು ಶಬ್ದಕ್ಕೆ ಮೂರು ಕಾಲಂ. ಇನ್ನೊಂದು ಶಬ್ದ ಆಡಿದ್ದರೆ ವಿಶೇಷ ಪುರವಣಿಯೇ ಬರುತ್ತಿತ್ತೇನೋ!

ಆತನನ್ನೇ ಬೈದು ಏನು ಪ್ರಯೋಜನ ಹೇಳಿ. ನಾವು ಕೇಳುವ ಪ್ರಶ್ನೆಗಳೂ ಅಷ್ಟರಲ್ಲೇ ಇರುತ್ತವೆ. ಫೈನಲ್ ಸೋತು ಕಣ್ಣು ಕೆಂಪಾದವನ ಮುಂದೆ ನಿಂತು ‘ಬೇಜಾರಾಗಿದೆಯಾ?’ ಅನ್ನುತ್ತೇವೆ. ಇಲ್ಲ ಸ್ವಾಮಿ, ಹೋಳಿಗೆ ಊಟ ಹಾಕಿಸಬೇಕು ಅಂತಿದ್ದೇನೆ ಅನ್ನಬೇಕಾ ಆತ?

ಅಮೆರಿಕದ ಫುಟ್‌ಬಾಲ್ ಆಟಗಾರ ಮಾರ್ಶಾನ್ ಲಿಂಚ್ ಇದಕ್ಕೊಂದು ದಾರಿ ಹುಡುಕಿದ್ದ. ಮಾಧ್ಯಮದ ಜೊತೆ ಮಾತಾಡಲಿಲ್ಲ ಅಂತ 2014ರಲ್ಲಿ ಆತನಿಗೆ 1 ಲಕ್ಷ ಡಾಲರ್ ದಂಡ ಬಿದ್ದಿತ್ತು. 2015ರ ಸೂಪರ್ ಬೌಲ್ (ಅಲ್ಲಿನ ಫುಟ್‌ಬಾಲ್ ಫೈನಲ್) ಹೊತ್ತಿಗೆ ಬಂದು ಕೂತ. ಏನು ಕೇಳಿದರೂ ಒಂದೇ ಉತ್ತರ: ದಂಡ ಬೀಳಬಾರದು ಅಂತ ಬಂದಿದ್ದೇನೆ. ಇಷ್ಟು ಪ್ರಾಮಾಣಿಕ ಪ್ರೆಸ್ ಮೀಟ್ ನಮ್ಮ ಯಾವ ಮಂತ್ರಿಯೂ ಮಾಡಿಲ್ಲ.

ಅದೇ ವರ್ಷ ವಿಶ್ವಕಪ್ ಸಮಯ. ಪರ್ತ್‌ನಲ್ಲಿ ವಿರಾಟ್ ಕೊಹ್ಲಿ ಒಬ್ಬ ಪತ್ರಕರ್ತನನ್ನು ಚೆನ್ನಾಗಿ ಬೈದರು. ಬೈದ ಮೇಲೆ ಗೊತ್ತಾಯಿತು, ಬೈಯಬೇಕಾದವನು ಇವನಲ್ಲ. ಕ್ಷಮೆಯನ್ನಾದರೂ ನೇರವಾಗಿ ಕೇಳಿದರಾ? ಇಲ್ಲ, ಮತ್ತೊಬ್ಬ ಪತ್ರಕರ್ತನ ಮೂಲಕ ಹೇಳಿ ಕಳಿಸಿದರು. ಬೈಗುಳ ಕೈಗೆ ಕೊಟ್ಟು ಕ್ಷಮೆಯನ್ನು ಕೊರಿಯರ್ ಮಾಡುವ ಈ ಪದ್ಧತಿ ನಮ್ಮ ಕಡೆಯ ಬೀಗರ ಜಗಳದಲ್ಲೂ ನೋಡಿಲ್ಲ.

ಧೋನಿಯದು ಬೇರೆಯೇ ವರಸೆ. 2016ರ ಟಿ20 ವಿಶ್ವಕಪ್ ಸೆಮಿಫೈನಲ್ ಸೋತ ರಾತ್ರಿ, ಮುಂಬೈಯಲ್ಲಿ, ಆಸ್ಟ್ರೇಲಿಯಾದ ವರದಿಗಾರನೊಬ್ಬ ನಿವೃತ್ತಿ ಬಗ್ಗೆ ಕೇಳಿದ. ಬನ್ನಿ ಅಂತ ಆತನನ್ನು ವೇದಿಕೆಗೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ನಗುನಗುತ್ತಾ ತಿರುಗಿ ಪ್ರಶ್ನೆ ಹಾಕಿದರು. ನಾನು ನಿವೃತ್ತಿ ಆಗಬೇಕಾ? ಓಡುವುದು ನೋಡಿದರೆ ಫಿಟ್ ಇಲ್ಲ ಅನಿಸುತ್ತಾ? ಅದು ಮರ್ಯಾದೆಯೋ ಮಂಗಳಾರತಿಯೋ ಅಂತ ನಮ್ಮ ಪ್ರೆಸ್ ಕ್ಲಬ್ಬಿನಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಏನೇ ಇರಲಿ, ಕುರ್ಚಿ ಕೊಟ್ಟರಲ್ಲ! ನಮ್ಮ ಕಡೆ ಎಷ್ಟೋ ಪ್ರೆಸ್ ಮೀಟಿನಲ್ಲಿ ವರದಿಗಾರನಿಗೆ ಅದೂ ಸಿಗುವುದಿಲ್ಲ.

ಇನ್ನು ಸಜ್ಜನರ ಪಾಡು. 1980ರಲ್ಲಿ ಮುಂಬೈಯ ಸುವರ್ಣ ಮಹೋತ್ಸವ ಟೆಸ್ಟ್. ನಾಯಕ ನಮ್ಮ ಜಿ.ಆರ್. ವಿಶ್ವನಾಥ್. ಅಂಪೈರ್ ಔಟ್ ಕೊಟ್ಟ ಇಂಗ್ಲೆಂಡಿನ ಬಾಬ್ ಟೇಲರ್‌ನನ್ನು, ಬ್ಯಾಟಿಗೆ ತಾಗಿಲ್ಲ ಅಂತ ವಾಪಸ್ ಕರೆದರು. ಟೇಲರ್ ಬಾಥಂ ಜೊತೆ 171 ರನ್ ಸೇರಿಸಿದ. ಭಾರತ 10 ವಿಕೆಟ್‌ಗಳಿಂದ ಸೋತಿತು. ಆಗ ಟಿ.ವಿ. ಚಾನೆಲ್‌ಗಳ ಕಾಟ ಇರಲಿಲ್ಲ, ವಿಶಿ ಬಚಾವಾದರು. ಈಗಾಗಿದ್ದರೆ ಸಂಜೆಯೇ ‘ಕರೆದಿದ್ದು ಯಾರ ಕುಮ್ಮಕ್ಕಿನಿಂದ?’ ಅಂತ ಚರ್ಚೆ. ಅದರಲ್ಲಿ ಒಬ್ಬರು ಜ್ಯೋತಿಷಿಗಳೂ ಇರುತ್ತಿದ್ದರು.

ಗದಗದ ಸ್ಪಿನ್ನರ್ ಸುನಿಲ್ ಜೋಶಿ ಹುಡುಗನಾಗಿದ್ದಾಗ ಅಭ್ಯಾಸಕ್ಕೆ ನಸುಕಿನ ರೈಲು ಹಿಡಿದು ಹುಬ್ಬಳ್ಳಿಗೆ ಬರುತ್ತಿದ್ದರು. ಆಗ ಸ್ಟೇಷನ್ನಿನಲ್ಲಿ ಯಾವ ಮೈಕೂ ಇರಲಿಲ್ಲ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್ ತೆಗೆದದ್ದೇ ತಡ, ‘ನಾನು ಅವರ ಪಕ್ಕದ ಸೀಟಿನಲ್ಲೇ ಕೂರುತ್ತಿದ್ದೆ’ ಅನ್ನುವವರು ಎಷ್ಟು ಜನ ಹುಟ್ಟಿಕೊಂಡರು ಅಂದರೆ, ಆ ರೈಲಿಗೆ ನಲವತ್ತು ಬೋಗಿ ಇರಬೇಕಿತ್ತು.

ಹಾವೇರಿ ಕಡೆ ದೀಪಾವಳಿ ಆದ ಮೇಲೆ ಹೋರಿ ಬೆದರಿಸುವ ಹಬ್ಬ. ಅಲ್ಲಿನ ಸ್ಟಾರ್‌ಗಳಿಗೂ ಹೆಸರಿದೆ, ಬ್ಯಾನರ್ ಇದೆ, ಅಭಿಮಾನಿ ಬಳಗ ಇದೆ. ಕೊಬ್ಬರಿ ಹಾರ ಹರಿಯಲು ನೂರು ಕೈ ಮೇಲೆ ಬಿದ್ದರೂ ಹೋರಿ ಬಿಟ್ಟುಕೊಡದೆ ಓಡುತ್ತದೆ. ಹಾಕಿದ ಹಾರಕ್ಕೆ ಅಷ್ಟಾದರೂ ಕಿಮ್ಮತ್ತು ಕೊಡುತ್ತದೆ. ಹಾಯ್ದರೂ ಅದನ್ನು ಯಾರೂ ಸೊಕ್ಕು ಅನ್ನುವುದಿಲ್ಲ. ಮುಖ್ಯವಾಗಿ, ಹೆಂಗ ಅನಿಸಾಕತ್ತೈತ್ರಿ ಅಂತ ಅದರ ಮುಂದೆ ಮೈಕ್ ಹಿಡಿಯುವ ಧೈರ್ಯ ಯಾವ ಚಾನೆಲ್‌ಗೂ ಇಲ್ಲ.

ಇನ್ನು ಜಾತ್ರೆಯ ಜಂಗೀ ಕುಸ್ತಿಗೆ ಹೋಗಿ. ಬೆಳ್ಳಿ ಕಡಗ ಗೆದ್ದ ಪೈಲ್ವಾನ ಮೈಗೆ ಹತ್ತಿದ ಮಣ್ಣನ್ನೂ ಒರೆಸಿಕೊಳ್ಳದೆ ಓಡಿ ಬರುತ್ತಾನೆ. “ಬಿಸಲಾಗ ಬಂದೀರಿ ಸರ, ಮೊದಲ ನೀರ ಕುಡೀರಿ” ಅನ್ನುತ್ತಾನೆ. ತನ್ನ ಟವೆಲ್ ಕೊಡವಿ ಕಟ್ಟೆ ಮೇಲೆ ಹಾಸುತ್ತಾನೆ. ಉಸ್ತಾದರು ಯಾರು, ಎಷ್ಟು ಸಾಮು ತೆಗೆಯುತ್ತಾನೆ, ಸೋತವನು ಎಷ್ಟು ಗಟ್ಟಿ ಹುಡುಗ, ಎಲ್ಲ ಹೇಳುತ್ತಾನೆ. ಬಾದಾಮಿ ಥಂಡಾಯಿ ಕುಡಿಸದೆ ಬಿಡುವುದಿಲ್ಲ. ವರದಿಗಾರ ಖುಷಿಯಿಂದ ಡೆಸ್ಕಿಗೆ ಫೋನ್ ಮಾಡುತ್ತಾನೆ.

“ಏನರ ವಿವಾದ ಐತೇನು?”

“ಇಲ್ರಿ ಸರ. ಭಾಳ ಸಂಭಾವಿತ ಹುಡುಗ.”

“ಹಂಗಾರ ಸಂಕ್ಷಿಪ್ತಕ್ಕ ಹಾಕು.”

ಮರುದಿನ ಒಂಬತ್ತನೇ ಪುಟದ ಕೆಳಗೆ, ಕೊಳವೆಬಾವಿ ಜಾಹೀರಾತಿನ ಪಕ್ಕ, ನಾಲ್ಕು ಸಾಲು. ಬೆಳಿಗ್ಗೆಯೇ ಪೈಲ್ವಾನನ ಫೋನ್.

“ಸರ, ಪೇಪರ್‌ನ್ಯಾಗ ಬಂತ್ರಿ! ಮನ್ಯಾಗ ಎಲ್ಲಾರೂ ಖುಷಿ ಆಗ್ಯಾರ. ಫೋಟೊದಾಗ ನಾ ಇಲ್ರಿ, ನನ್ನ ಕೂಡ ಸೋತಾಂವ ಅದಾನ್ರಿ, ಇರ್ಲಿ ಬಿಡ್ರಿ, ಅವನೂ ಛಲೋ ಆಡಿದ್ದ.”