ಸತ್ಯಾಂಶ: ಕಾನೆಸ್ಟೋಗಾ ಬಂಡಿಯನ್ನು ಕಟ್ಟಿದ್ದು ತೇಲಿಸಲಿಕ್ಕಲ್ಲ

ಅಮೆರಿಕದ ಕಾನೆಸ್ಟೋಗಾ ಬಂಡಿಯ ಚಿತ್ರದೊಂದಿಗೆ, ಪಶ್ಚಿಮಕ್ಕೆ ವಲಸೆ ಹೊರಟವರು ನದಿಗಳಲ್ಲಿ ತೇಲಿಸಲೆಂದೇ ಅದನ್ನು ದೋಣಿಯಾಕಾರದಲ್ಲಿ ಕಟ್ಟಿಸಿಕೊಂಡರು ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗಿ ಬರುತ್ತದೆ. ಇದು ನಿಜವಲ್ಲ.

18ನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸೀಮೆಯ ಜರ್ಮನ್ ಮೂಲದ ಕುಶಲಕರ್ಮಿಗಳು ರೂಪಿಸಿದ ಈ ಬಂಡಿ, ಫಿಲಡೆಲ್ಫಿಯಾ ಪೇಟೆಗೆ ಹಿಟ್ಟು, ಧಾನ್ಯ ಸಾಗಿಸುತ್ತಿದ್ದ ಸರಕುಬಂಡಿ. ಅದರ ತಳ ನಡುವೆ ತಗ್ಗಿ ಎರಡೂ ತುದಿಗಳಲ್ಲಿ ಮೇಲೇರಿದ್ದುದು, ಬೆಟ್ಟದ ಏರಿಳಿತದಲ್ಲಿ ಸರಕು ಹಿಂದಕ್ಕೋ ಮುಂದಕ್ಕೋ ಜಾರದೆ ಮಧ್ಯದಲ್ಲೇ ನಿಲ್ಲಲೆಂದು. ಚೌಕಟ್ಟಿಗೆ ಗಟ್ಟಿಯಾದ ಓಕ್, ಹಲಗೆಗಳಿಗೆ ಹಗುರವಾದ ಪಾಪ್ಲರ್ ಮರವನ್ನು ಬಳಸುತ್ತಿದ್ದರು. ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿ ಮಾಡಿದ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಅದು ಹಿಗ್ಗಿರುವಾಗಲೇ ತೊಡಿಸಿ ನೀರು ಸುರಿದರೆ, ಪಟ್ಟಿ ಕುಗ್ಗಿ ಅರೆಗಳನ್ನೆಲ್ಲ ಗುಂಬದೊಳಕ್ಕೆ ಬಿಗಿಯುತ್ತಿತ್ತು. ನಮ್ಮ ಎತ್ತಿನ ಗಾಡಿಯ ಗಾಲಿಗೂ ಇದೇ ವಿಧಾನ. ಚಿತ್ರಗಳಲ್ಲಿ ಕಾಣುವ ಮುಂದಿನ ಆಸನವೂ ಅನುಮಾನಾಸ್ಪದವೇ, ಏಕೆಂದರೆ ಚಾಲಕ ಸಾಮಾನ್ಯವಾಗಿ ಎಡಬದಿಯಲ್ಲಿ ನಡೆಯುತ್ತಿದ್ದ, ಇಲ್ಲವೇ ಎಡಗಡೆಯ ಹಿಂದಿನ ಕುದುರೆಯನ್ನೇರುತ್ತಿದ್ದ, ದಣಿದಾಗ ಬಂಡಿಯ ಪಕ್ಕದಿಂದ ಹೊರಗೆಳೆಯುವ ಹಲಗೆಯ ಮೇಲೆ ಕೂರುತ್ತಿದ್ದ.

ಅಮೆರಿಕದ ಪಶ್ಚಿಮಕ್ಕೆ ವಲಸೆ ಹೋಗುವ ದಾರಿಯಾಗಿದ್ದ ಆರೆಗಾನ್ ಹಾದಿಯ ವಲಸಿಗರು ಬಳಸಿದ್ದು ಹೆಚ್ಚಾಗಿ ಚಿಕ್ಕದಾದ, ನೇರ ತಳದ ಬಂಡಿಗಳನ್ನು. ಅವುಗಳ ಸಂದುಗಳನ್ನು ಮುಚ್ಚಿ ಆಳದ ಹೊಳೆಗಳಲ್ಲಿ ತೇಲಿಸಿದ್ದುಂಟು. ಗೊಂದಲ ಹುಟ್ಟಿದ್ದು ಬಹುಶಃ ಇಲ್ಲಿಂದಲೇ.