ಕಡಲ ಹದ್ದಿಗೆ ಪಹಣಿ ಇಲ್ಲ

ಕಾರವಾರದಲ್ಲಿ ‘ಸೀಬರ್ಡ್’ ಅಂದರೆ ಯಾರೂ ಆಕಾಶ ನೋಡುವುದಿಲ್ಲ. ಅದು ನೌಕಾನೆಲೆ. 1986ರಲ್ಲಿ ಅಡಿಗಲ್ಲು, 2005ರಲ್ಲಿ ಉದ್ಘಾಟನೆ. ಜಾಗ ಬಿಟ್ಟುಕೊಟ್ಟವರು ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು, ಕಚೇರಿ ಅಲೆದರು. ಪಹಣಿ ಇದ್ದವರ ಕತೆಯೇ ಹೀಗಾದರೆ ನಿಜವಾದ ಕಡಲ ಹದ್ದಿನ ಗತಿ ಏನು?

ಈ ಬಿಳಿ ಹೊಟ್ಟೆಯ ಹದ್ದು ವಲಸೆ ಬಂದದ್ದಲ್ಲ, ಅಪ್ಪಟ ಸ್ಥಳೀಯ. ಗೂಡಿಗೆ ನೀರಿನ ಹತ್ತಿರದ ಎತ್ತರದ ಮರವೇ ಆಗಬೇಕು. ಜೋಡಿ ಹಕ್ಕಿಗಳು ಪ್ರತಿ ವರ್ಷ ಅದೇ ಗೂಡಿಗೆ ಬಂದು, ಕಡ್ಡಿ ಮೇಲೆ ಕಡ್ಡಿ ಹೇರಿ, ಅದನ್ನು ಮಂಚದಷ್ಟು ದೊಡ್ಡದು ಮಾಡಿಕೊಳ್ಳುತ್ತವೆ. ಚತುಷ್ಪಥ ಬಂತು. ಹೆದ್ದಾರಿ 66ರ ಬದಿಯ ದೊಡ್ಡ ಮರಗಳು ಹೋದವು. ಚಿಂತೆ ಬೇಡ, ಡಿವೈಡರ್‌ನಲ್ಲಿ ಕಣಗಿಲೆ ನೆಟ್ಟಿದ್ದಾರೆ! ಹತ್ತಿರ ಹತ್ತಿರ ಎರಡು ಮೀಟರ್ ರೆಕ್ಕೆ ಬಿಚ್ಚುವ ಹದ್ದು ಸೊಂಟದೆತ್ತರದ ಕಣಗಿಲೆ ಮೇಲೆ ಸಂಸಾರ ಹೂಡಲಿ. ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡರಾಯ್ತು, ಅಲ್ವಾ?

ಘಟ್ಟ ಹತ್ತಿದರೆ ಮಂಗಟ್ಟೆ ಹಕ್ಕಿಯದು (ಹಾರ್ನ್‌ಬಿಲ್) ಬೇರೆಯೇ ರಗಳೆ. ಹೆಣ್ಣು ಹಳೇ ಮರದ ಪೊಟರೆ ಹೊಕ್ಕು, ಸಣ್ಣ ಸೀಳೊಂದನ್ನು ಬಿಟ್ಟು ಪೊಟರೆಯ ಬಾಯಿ ಮುಚ್ಚಿಕೊಂಡರೆ ತಿಂಗಳುಗಟ್ಟಲೆ ಹೊರಗೆ ಬರುವುದಿಲ್ಲ. ಗಂಡು ಆ ಸೀಳಿನಲ್ಲೇ ಹಣ್ಣು ತುರುಕಬೇಕು. ಕಡಿದ ಒಂದು ಮರಕ್ಕೆ ಹತ್ತು ಸಸಿ ನೆಡುವ ಲೆಕ್ಕ ಏನೋ ಚೆನ್ನಾಗಿದೆ. ಸಸಿ ಬೆಳೆದು, ಮುದಿಯಾಗಿ, ಪೊಟರೆ ಬೀಳುವ ತನಕ ಮೊಟ್ಟೆಯನ್ನು ತಡೆಹಿಡಿಯಬೇಕು, ಅಷ್ಟೇ. ದಾಂಡೇಲಿಯಲ್ಲಿ ಅದರ ಹೆಸರಲ್ಲಿ ಹಬ್ಬ ಬೇರೆ ಮಾಡಿದ್ದೇವೆ. ಇನ್ನೇನು ಬೇಕಂತೆ?

ಮಡಿವಾಳ ಹಕ್ಕಿಯದು ಇನ್ನೊಂದು ಪಾಡು. ಹೈಮಾಸ್ಟ್ ದೀಪದಡಿ ರಾತ್ರಿ ಎರಡಕ್ಕೇ ಬೆಳಗಾಯಿತೆಂದು ಸಿಳ್ಳೆ ಶುರು. ನೆದರ್‌ಲ್ಯಾಂಡ್ಸಿನ ಲೈಡನ್ ಊರಲ್ಲಿ ಗದ್ದಲ ಜಾಸ್ತಿ ಇರುವ ಕಡೆ ಚೇಕಡಿ ಹಕ್ಕಿಗಳು ಶ್ರುತಿ ಏರಿಸಿ ಹಾಡುತ್ತವೆ ಎಂದು 2003ರಲ್ಲೇ ಸಂಶೋಧಕರು ತೋರಿಸಿದ್ದರು. ಪಾಪ, ಅವರು ನಮ್ಮ ಟಿಪ್ಪರ್ ಹಾರ್ನ್ ಕೇಳಿಲ್ಲ. ಅದರ ಮೇಲೆ ಹಾಡಲು ಯಾವ ಹಕ್ಕಿಗೂ ಶ್ರುತಿ ಉಳಿದಿಲ್ಲ.

ಎಲ್ಲರಿಗೂ ಕಷ್ಟವೇ ಅಂತೇನಿಲ್ಲ. ಕಾಗೆಗಳು ಸುಖವಾಗಿವೆ. ಮೀನು ಮಾರ್ಕೆಟ್ಟಿನ ಹಿಂದೆ ಊಟ, ಕಟ್ಟಡದ ತುಂಡು ತಂತಿಯಲ್ಲಿ ಗೂಡು. ನಾಳೆ ಯಾರಾದರೂ ತಲೆ ಎಣಿಸಿದರೆ ‘ಜಿಲ್ಲೆಯಲ್ಲಿ ಹಕ್ಕಿಗಳು ಜಾಸ್ತಿಯಾಗಿವೆ’ ಎಂದೇ ವರದಿ ಬರುತ್ತದೆ. ಮುಖಪುಟಕ್ಕೆ ಮಾತ್ರ ಮಂಗಟ್ಟೆಯ ಫೋಟೊ.