ಲಾಡಿ ಇದ್ದ ಮಾತ್ರಕ್ಕೆ ಅದು ಜಿಮ್ ಪ್ಯಾಂಟ್ ಆಗಿಬಿಡುತ್ತಾ?

ನಿನ್ನೆ ತುಮಕೂರಿನಲ್ಲಿ ನಮ್ಮವರ ಮನೆಯ ಗೃಹಪ್ರವೇಶ. ಅಲ್ಲಿ ಆದದ್ದು ರಾತ್ರಿಯಿಡೀ ತಲೆಯಲ್ಲೇ ಕೊರೆಯುತ್ತಿತ್ತು. ಬೆಳಿಗ್ಗೆ ನನ್ನ ಹೊಲಿಗೆ ಅಂಗಡಿ ಬಾಗಿಲು ತೆಗೆದವನು ಮೆಷಿನ್ ಮುಟ್ಟದೆ ಮೊದಲು ಇದನ್ನು ಬರೆಯುತ್ತಿದ್ದೇನೆ.

ಅಕ್ಕನ ಮಗ ಬೆಂಗಳೂರಿನಿಂದ ಬೆಳಗಿನ ರೈಲಿಗೆ ಬಂದಿದ್ದ. ಕಡು ನೀಲಿ ಜಾಗರ್ ಪ್ಯಾಂಟ್, ಅಂದರೆ ಓಟದ ಟ್ರ್ಯಾಕ್ ಪ್ಯಾಂಟಿನ ಮಾದರಿಯಲ್ಲಿ ಹೊಲಿದದ್ದು. ಸೊಂಟಕ್ಕೆ ಎಲಾಸ್ಟಿಕ್, ಒಳಗಡೆ ಲಾಡಿ, ಪಕ್ಕದ ಹೊಲಿಗೆಯುದ್ದಕ್ಕೂ ಅದೇ ಬಣ್ಣದ ಸಣ್ಣ ಪಟ್ಟಿ. ಮೇಲೆ ತಿಳಿ ಬೂದು ಬಣ್ಣದ ಲಿನನ್ ಶರ್ಟ್, ಚೈನೀಸ್ ಕಾಲರ್, ತೋಳನ್ನು ಎರಡು ಸುತ್ತು ಮಡಚಿದ್ದ. ನನ್ನ ಕಣ್ಣು ಮೊದಲು ಹೋದದ್ದು ಅವನ ಕಾಲಿನ ಕಡೆಗೆ. ಗಾರ್ಮೆಂಟ್ಸ್‌ನಲ್ಲಿ 18 ವರ್ಷ ಕಟಿಂಗ್ ಟೇಬಲ್ ಮುಂದೆ ನಿಂತವನು ನಾನು. ಮುಖಕ್ಕಿಂತ ಮೊದಲು ಬಾಟಮ್, ಅಂದರೆ ಪ್ಯಾಂಟಿನ ಕಾಲ ತುದಿಯ ಸುತ್ತಳತೆ, ನೋಡುತ್ತೇನೆ. ಸುಮಾರು 13 ಇಂಚಿನ ಬಾಟಮ್. ತುದಿಗೆ ಹಿಗ್ಗುವ ರಿಬ್ ಪಟ್ಟಿ ಇಲ್ಲ, ನೀಟಾಗಿ ಮಡಚಿ ಹೊಲಿದದ್ದು. ಶೂ ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಬಂದರೂ ಬಟ್ಟೆ ಪಾದದ ಗಂಟಿನ ಮೇಲೆ ಒಂದು ಸುಕ್ಕಿಲ್ಲದೆ ನಿಂತಿತ್ತು. ನೋಡಿ ಖುಷಿಯಾಯಿತು. ಹುಡುಗ ಯೋಚನೆ ಮಾಡಿ ಬಟ್ಟೆ ಹಾಕಿಕೊಂಡಿದ್ದಾನೆ ಅನ್ನಿಸಿತು.

ಅಷ್ಟರಲ್ಲಿ ಅವನ ದೊಡ್ಡಪ್ಪ ಬಂದರು. ಬಗ್ಗಿ ಕಾಲು ಮುಟ್ಟುವಾಗ ಶರ್ಟ್ ಮೇಲಕ್ಕೆ ಸರಿದು ಲಾಡಿಯ ತುದಿ ಕಂಡಿತು, ಅಷ್ಟೇ. "ಏನೋ ಇದು, ಜಿಮ್‌ನಿಂದ ಸೀದಾ ಬಂದ್ಬಿಟ್ಯಾ? ಬೀಗರೆಲ್ಲ ಬಂದಿದ್ದಾರೆ. ಹೋಗು, ಒಳ್ಳೇ ಪ್ಯಾಂಟ್ ಹಾಕ್ಕೊಂಡು ಬಾ."

ಎಲ್ಲರೂ ನಕ್ಕರು. ಹುಡುಗ "ಆಯ್ತು ದೊಡ್ಡಪ್ಪ" ಅಂದು ಒಳಗೆ ಹೋದ. ತಮ್ಮನ ಜೀನ್ಸ್ ಹಾಕಿಕೊಂಡು ಬಂದ. ತೊಡೆ ಹತ್ತಿರ ಬಣ್ಣ ಬಿಟ್ಟಿದೆ, ಸೊಂಟ ಸಡಿಲ, ಬೆಲ್ಟ್ ಬಿಗಿದು ನಾಲ್ಕು ಕಡೆ ನೆರಿಗೆ. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಅದು "ಒಳ್ಳೇ ಪ್ಯಾಂಟ್".

ನನಗೆ ಸಿಟ್ಟು ಬಂದದ್ದು ಇಲ್ಲೇ. ದೊಡ್ಡಪ್ಪ ಹಾಕಿದ್ದು ಜುಬ್ಬಾ ಪೈಜಾಮ. ಆ ಪೈಜಾಮ ಸೊಂಟದಲ್ಲಿ ನಿಂತಿರುವುದು ಲಾಡಿಯಿಂದಲೇ ಅಲ್ವಾ? ನಮ್ಮ ತಾತಂದಿರು ಲಾಡಿ ಕಟ್ಟಿಕೊಂಡೇ ಮದುವೆ ಮಾಡಿಸಿದರು, ಪಂಚಾಯ್ತಿ ನಡೆಸಿದರು. ಲಾಡಿಯಿಂದ ಮರ್ಯಾದೆ ಹೋಗುವುದಾಗಿದ್ದರೆ ಆಗಲೇ ಹೋಗಬೇಕಿತ್ತು.

ಇನ್ನು ಜೀನ್ಸ್. ಅದರ ಜೇಬಿನ ಮೂಲೆಗೆ ತಾಮ್ರದ ರಿವಿಟ್ (ಗುಂಡಿಯಂಥ ಮೊಳೆ) ಹೊಡೆದವನು ಜೇಕಬ್ ಡೇವಿಸ್, ಅಮೆರಿಕದ ರೀನೋ ಊರಿನ ಒಬ್ಬ ದರ್ಜಿ. ಕೂಲಿ ಕೆಲಸದವರ ಪ್ಯಾಂಟಿನ ಜೇಬು ಪದೇ ಪದೇ ಹರಿಯುತ್ತಿತ್ತು, ಅದಕ್ಕೇ ಹೊಡೆದ. 1873ರಲ್ಲಿ ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿ ಪೇಟೆಂಟ್ ಪಡೆದ. ಕೂಲಿಯವರ ಪ್ಯಾಂಟ್ ಇವತ್ತು ಗೃಹಪ್ರವೇಶಕ್ಕೆ ಸಲ್ಲುತ್ತದೆ. ನೀವು ಶುಕ್ರವಾರ ಆಫೀಸಿಗೆ ಹಾಕುವ ಕಾಲರ್ ಟೀ ಶರ್ಟ್ ಕೂಡ ಆಟದ ಮೈದಾನದ್ದೇ. ಉದ್ದ ತೋಳಿನ ಗಟ್ಟಿ ಶರ್ಟ್‌ನಲ್ಲಿ ಟೆನ್ನಿಸ್ ಆಡುವುದು ಕಷ್ಟ ಅಂತ ಫ್ರಾನ್ಸಿನ ಟೆನ್ನಿಸ್ ಆಟಗಾರ ರೆನೆ ಲಕೋಸ್ಟ್ 1920ರ ದಶಕದಲ್ಲಿ ಅಂಥದ್ದನ್ನು ಹಾಕಿ ಆಡಲು ಶುರು ಮಾಡಿದ. ಮೈದಾನದ ಶರ್ಟ್ ನಡೆಯುತ್ತದೆ, ಮೈದಾನದ ಪ್ಯಾಂಟ್ ಮಾತ್ರ ನಡೆಯಲ್ಲ ಅಂದರೆ ಹೇಗೆ?

"ದೇವರ ಕಾರ್ಯ, ಹಿರಿಯರ ಎದುರು ಒಂದು ಶಿಸ್ತು ಬೇಡವಾ" ಅಂತ ಕೇಳುವವರಿದ್ದಾರೆ. ಬೇಕು. ನಾನೂ ಅದನ್ನೇ ಹೇಳುತ್ತಿರುವುದು. ಮಂಡಿ ಬುಡ್ಡೆ ಬಿದ್ದ, ಹಿಂದೆ ಜೋತು ಬಿದ್ದ ಟ್ರ್ಯಾಕ್ ಪ್ಯಾಂಟ್‌ನಲ್ಲಿ ಛತ್ರಕ್ಕೆ ಬರುವವರನ್ನು ನಾನೂ ನೋಡಿದ್ದೇನೆ, ನನಗೂ ಇಷ್ಟವಾಗಲ್ಲ. ಆದರೆ ಆ ತಪ್ಪು ಲಾಡಿಯದಲ್ಲ, ಬಟ್ಟೆಯದು. ಟೀ ಶರ್ಟ್ ಹೊಲಿಯುವ ತೆಳು ನಿಟ್ ಬಟ್ಟೆ ಸಿಂಗಲ್ ಜೆರ್ಸಿಯಲ್ಲಿ ಪ್ಯಾಂಟ್ ಹೊಲಿದು "ಆಫೀಸ್ ಜಾಗರ್" ಅಂತ ಚೀಟಿ ಅಂಟಿಸಿ ಮಾರುತ್ತಾರೆ. ನಿಟ್ ಬಟ್ಟೆ ಅಂದರೆ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಹೆಣೆದದ್ದು. ಕೂತಾಗ ಮಂಡಿಯಲ್ಲಿ ಹಿಗ್ಗುತ್ತದೆ. ತೂಕ ಇಲ್ಲದಿದ್ದರೆ, ಒಳ್ಳೇ ಲೈಕ್ರಾ (ಹಿಗ್ಗಿ ಮತ್ತೆ ಕುಗ್ಗುವ ನೂಲು) ಇಲ್ಲದಿದ್ದರೆ ಹಿಗ್ಗಿದ್ದು ಹಿಗ್ಗಿದ ಹಾಗೇ ಉಳಿಯುತ್ತದೆ. ಅಂಗಡಿಯಲ್ಲೇ ಮಂಡಿಯ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಐದು ಎಣಿಸಿ ಬಿಡಿ. ಗುಳಿ ಉಳಿದರೆ ವಾಪಸ್ ಇಟ್ಟು ಬನ್ನಿ. ಟೀ ಶರ್ಟ್ ಬಟ್ಟೆ ಸಾಮಾನ್ಯವಾಗಿ 160–180 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಕ, ಇರುತ್ತದೆ. ಪ್ಯಾಂಟಿಗೆ 250ರ ಆಸುಪಾಸಿನ ಲೂಪ್‌ನಿಟ್ (ಒಳಬದಿಯಲ್ಲಿ ಕುಣಿಕೆ ಇರುವ ದಪ್ಪ ನಿಟ್) ಆದರೂ ಬೇಕು. ಇನ್ನೂ ಒಳ್ಳೆಯದು ಅಂದರೆ ಲೈಕ್ರಾ ಸೇರಿಸಿ ನೇಯ್ದ ಪ್ಯಾಂಟ್ ಬಟ್ಟೆ. ಅದು ಇಸ್ತ್ರಿ ಹಿಡಿಯುತ್ತದೆ, ಗೆರೆ ನಿಲ್ಲುತ್ತದೆ. ನಮ್ಮ ಹುಡುಗ ಹಾಕಿದ್ದು ಅಂಥದ್ದೇ.

ಹಾಕಿಕೊಳ್ಳುವ ರೀತಿಯೂ ಅವನಿಗೆ ಗೊತ್ತಿತ್ತು. ಇನ್ ಶರ್ಟ್ ಮಾಡಿರಲಿಲ್ಲ. ಶರ್ಟ್ ಜಿಪ್‌ನ ಅರ್ಧಕ್ಕೆ ಇಳಿದಿತ್ತು, ನೆಟ್ಟಗೆ ನಿಂತಾಗ ಎಲಾಸ್ಟಿಕ್ ಕಾಣುತ್ತಿರಲಿಲ್ಲ. ಬಾಗಿಲ ಹತ್ತಿರ ಅವನ ಶೂ ನೋಡಿದೆ, ಸಾದಾ ಬಿಳಿ ಸ್ನೀಕರ್, ಒರೆಸಿ ಇಟ್ಟದ್ದು. ಇಂಥ ಪ್ಯಾಂಟಿಗೆ ಮೂತಿ ಚೂಪಾದ ಫಾರ್ಮಲ್ ಶೂ ಹಾಕುವವರನ್ನು ಕಂಡರೆ ಮಾತ್ರ ನನಗೆ ತಡೆಯಲಾಗಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಜೇಬಿನಲ್ಲಿ ಫೋನು, ಕೀ ಗೊಂಚಲು ತುರುಕಬೇಡಿ. ಈ ಬಟ್ಟೆ ಭಾರಕ್ಕೆ ಬೇಗ ಜೋಲುತ್ತದೆ.

ಆಮೇಲೆ ಪಂಕ್ತಿ ಊಟ. ನೆಲದ ಮೇಲೆ ಚಾಪೆ, ಮುಂದೆ ಬಾಳೆ ಎಲೆ. ಹುಡುಗನಿಗೆ ಆ ಜೀನ್ಸ್‌ನಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತಿಲ್ಲ. ಒಂದು ಕಾಲು ಚಾಚುತ್ತಾನೆ, ಮತ್ತೆ ಮಡಚುತ್ತಾನೆ, ಬೆಲ್ಟ್ ಸರಿಮಾಡಿಕೊಳ್ಳುತ್ತಾನೆ. ಪ್ರತಿ ಮದುವೆ ಸೀಸನ್ ಮುಗಿದ ಮೇಲೆ ನನ್ನ ಅಂಗಡಿಗೆ ಹಿಂದೆ ಹೊಲಿಗೆ ಬಿಟ್ಟ ಟೈಟ್ ಪ್ಯಾಂಟುಗಳು ರಾಶಿ ಬರುತ್ತವೆ. ಎಲ್ಲವೂ ಪಂಕ್ತಿಯಲ್ಲಿ ಕೂತು ಬಿಟ್ಟವು. ಚಪ್ಪಲಿ ಹೊರಗೆ ಬಿಟ್ಟು, ನೆಲಕ್ಕೆ ಬಗ್ಗಿ ಕಾಲು ಮುಟ್ಟಿ, ಚಾಪೆ ಮೇಲೆ ಕೂತು ಉಣ್ಣುವ ಜನ ನಾವು. ಹಿಗ್ಗುವ ಪ್ಯಾಂಟ್ ನಮಗಿಂತ ಜಾಸ್ತಿ ಇನ್ಯಾರಿಗೆ ಬೇಕು?

ಒಂದು ವಿಷಯ ಹೇಳಲೇಬೇಕು. ದೊಡ್ಡಪ್ಪ ಹಾಗೆ ಅಂದಾಗ ಹುಡುಗ ಒಂದು ಸಲ ನನ್ನ ಕಡೆ ನೋಡಿದ. ಬಟ್ಟೆ ವಿಷಯದಲ್ಲಿ ಮಾವ ಏನಾದರೂ ಹೇಳುತ್ತಾನೆ ಅಂದುಕೊಂಡಿದ್ದನೋ ಏನೋ. ಅಲ್ಲಿದ್ದವರಲ್ಲಿ ಆ ಪ್ಯಾಂಟಿನ ಕಟಿಂಗ್ ಎಷ್ಟು ಚೆನ್ನಾಗಿದೆ ಅಂತ ಗೊತ್ತಿದ್ದವನು ನಾನೊಬ್ಬನೇ. ಮನೆ ಯಜಮಾನರ ಎದುರು ಯಾಕೆ ಮಾತು ಅಂತ ಸುಮ್ನೆ ಕಾಫಿ ಕುಡಿಯುತ್ತಾ ಕೂತೆ. ಅದು ನನಗೆ ಈಗಲೂ ಚುಚ್ಚುತ್ತಿದೆ.

ಈಗಷ್ಟೇ ಅವನಿಗೆ ಫೋನ್ ಮಾಡಿದ್ದೆ. ಆ ಪ್ಯಾಂಟ್ ಮಡಚಿ ಬ್ಯಾಗಿನ ತಳಕ್ಕೆ ಹಾಕಿಬಿಟ್ಟಿದ್ದಾನಂತೆ. ತೆಗಿ, ಬೆಚ್ಚಗೆ ಇಸ್ತ್ರಿ ಮಾಡಿ ನೇತು ಹಾಕು ಅಂದೆ. ಬರುವ ತಿಂಗಳು ನಮ್ಮ ಮನೆಯಲ್ಲೇ ನಿಶ್ಚಿತಾರ್ಥ ಇದೆ. ಅದಕ್ಕೆ ಅದನ್ನೇ ಹಾಕ್ಕೊಂಡು ಬಾ, ಬಾಗಿಲಲ್ಲಿ ನಾನೇ ನಿಂತಿರುತ್ತೇನೆ ಅಂತ ಹೇಳಿದೆ. ಅದೇ ಕಡು ನೀಲಿಯಲ್ಲಿ ಒಂದೂಕಾಲು ಮೀಟರ್ ಬಟ್ಟೆ ನನಗೂ ತೆಗೆದಿಟ್ಟಿದ್ದೇನೆ. ಚಾಕ್ ಹಾಕಿ ಆಗಿದೆ. ಸೊಂಟಕ್ಕೆ ಎಲಾಸ್ಟಿಕ್, ಒಳಗೆ ಲಾಡಿ.